ನಿವೃತ್ತಿ ನಂತರದ ಕೆಲಸ: ಕೈಯಲ್ಲಿರುವ ಮೊಬೈಲಿನಿಂದಲೇ ಹೀಗೆ ಶುರು ಮಾಡಿ

ನಮ್ಮ ರಾಜ್ಯದ ಸರ್ಕಾರಿ ನೌಕರರಿಗೆ 60ಕ್ಕೆ ನಿವೃತ್ತಿ. ಖಾಸಗಿ ಕಂಪನಿಗಳಲ್ಲಿ 58ಕ್ಕೋ 60ಕ್ಕೋ ಮನೆಗೆ ಕಳಿಸುತ್ತಾರೆ. ಬೀಳ್ಕೊಡುಗೆ, ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ ಎಲ್ಲ ಮುಗಿದು ಒಂದೆರಡು ತಿಂಗಳು ಹಾಯಾಗಿಯೇ ಇರುತ್ತದೆ. ಧರ್ಮಸ್ಥಳ, ಕಾಶಿ ಆಗುತ್ತದೆ. ಮಗಳ ಮನೆಗೆ ಹೋಗಿ ಬಂದದ್ದೂ ಆಗುತ್ತದೆ. ಆಮೇಲೆ ಕಿರಿಕಿರಿ ಶುರು. ಬೆಳಿಗ್ಗೆ ಹತ್ತರ ಹೊತ್ತಿಗೆ ಪೇಪರ್ ಓದಿ ಮುಗಿದಿರುತ್ತದೆ, ಮುಂದೇನು ಅಂತ ಗೊತ್ತಾಗುವುದಿಲ್ಲ.

ಇನ್ನು ಕೆಲವರಿಗೆ ಹೊತ್ತು ಹೋಗದಿರುವುದು ಸಮಸ್ಯೆಯೇ ಅಲ್ಲ, ದುಡ್ಡು ಸಾಲದಿರುವುದು ಸಮಸ್ಯೆ. ಪಿಎಫ್ ಪೆನ್ಷನ್‌ನ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ಮಾಡಿದರು. ಅದರಲ್ಲಿ ಒಂದು ಗ್ಯಾಸ್ ಸಿಲಿಂಡರ್ ತಂದರೆ ಕೈಯಲ್ಲಿ ಉಳಿಯುವುದು ಚಿಲ್ಲರೆ.

ನಿಮ್ಮ ಕಾರಣ ಯಾವುದೇ ಇರಲಿ, ನನ್ನ ಸಲಹೆ ಒಂದೇ. ಮತ್ತೊಂದು ನೌಕರಿ ಹುಡುಕಲು ಹೋಗಬೇಡಿ. ನಿಮಗೆ ಗೊತ್ತಿರುವ ಕೆಲಸವನ್ನು ವಾರಕ್ಕೆ ಇಷ್ಟು ಗಂಟೆ ಅಂತ ಮಾರಿ. ಇಡೀ ದಿನ ಕುರ್ಚಿಯಲ್ಲಿ ಕೂರುವ ಕೆಲಸಕ್ಕೆ ಕಂಪನಿಗಳು ಇಪ್ಪತ್ತೈದರ ಹುಡುಗರನ್ನೇ ಹುಡುಕುತ್ತವೆ. ಮೂವತ್ತು ವರ್ಷದ ಅನುಭವದ ಎರಡು ಗಂಟೆ ಬೇಕು ಅನ್ನುವವರು ನಿಮ್ಮ ಊರಿನಲ್ಲೇ ಇದ್ದಾರೆ. ಮೊದಲು ಅವರ ಹತ್ತಿರ ಹೋಗಲು ಬಸ್ ಹತ್ತಬೇಕಿತ್ತು, ಅಂಗಡಿ ಹಾಕಬೇಕಿತ್ತು, ಬೋರ್ಡು ಬರೆಸಬೇಕಿತ್ತು. ಈಗ ಅಷ್ಟೆಲ್ಲ ಬೇಡ. ಕೈಯಲ್ಲಿರುವ ಮೊಬೈಲ್ ಸಾಕು.

ಹಂತ 1: ಮೊದಲು ಮನೆಯ ಲೆಕ್ಕ

ಒಂದು ಹಾಳೆ ತಗೊಂಡು ತಿಂಗಳಿಗೆ ಬರುವುದನ್ನು ಒಂದು ಕಡೆ, ಹೋಗುವುದನ್ನು ಇನ್ನೊಂದು ಕಡೆ ಬರೆಯಿರಿ. ಔಷಧಿ ಖರ್ಚನ್ನು ಬೇರೆಯಾಗಿಯೇ ಬರೆಯಿರಿ, ಅದು ವರ್ಷದಿಂದ ವರ್ಷಕ್ಕೆ ಏರುತ್ತದೆ. ಕೊರತೆ ಎಷ್ಟು ಅಂತ ಗೊತ್ತಾದರೆ ಎಷ್ಟು ದುಡಿಯಬೇಕು ಅಂತಲೂ ಗೊತ್ತಾಗುತ್ತದೆ. ತಿಂಗಳಿಗೆ 6,000 ಕೊರತೆ ಇರುವವರು 30,000ದ ಕೆಲಸಕ್ಕೆ ಓಡಿ ಸುಸ್ತಾಗುವ ಅಗತ್ಯವಿಲ್ಲ.

ಗ್ರಾಚ್ಯುಟಿ, ಪಿಎಫ್ ಬಂದ ವಾರದಲ್ಲೇ ಎಲ್ಲಿಂದಲೋ ನೆಂಟರು ಹುಟ್ಟಿಕೊಳ್ಳುತ್ತಾರೆ. ಸೈಟು, ಚಿಟ್ಟು, ಪಾರ್ಟ್‌ನರ್‌ಶಿಪ್ಪು ಅಂತ ಒಬ್ಬೊಬ್ಬರದು ಒಂದೊಂದು ರಾಗ. ಆ ದುಡ್ಡನ್ನು ಹೊಸ ಕೆಲಸಕ್ಕೆ ಬಂಡವಾಳವಾಗಿ ಹಾಕಲೇಬೇಡಿ. ಇಲ್ಲಿ ಹೇಳುವ ಯಾವ ಕೆಲಸಕ್ಕೂ ದೊಡ್ಡ ಬಂಡವಾಳ ಬೇಡ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 60 ದಾಟಿದವರು 30 ಲಕ್ಷದವರೆಗೆ ಇಡಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. 2023ರ ಏಪ್ರಿಲ್‌ನಲ್ಲಿ ಬಡ್ಡಿಯನ್ನು ಶೇ 8.2ಕ್ಕೆ ಏರಿಸಿದರು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡಿ ಹೇಳುತ್ತದೆ, ಆದ್ದರಿಂದ ಇಡುವ ದಿನದ ದರ ಕೇಳಿಕೊಳ್ಳಿ. ಬುಡ ಭದ್ರವಾಗಿದ್ದರೆ ಹೊಸ ಕೆಲಸದಲ್ಲಿ ಗಿರಾಕಿ ಕಿರಿಕಿರಿ ಮಾಡಿದಾಗ "ಆಗಲ್ಲ ಸ್ವಾಮಿ" ಅನ್ನುವ ಧೈರ್ಯ ಇರುತ್ತದೆ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಗ್ರೂಪ್ ಎ ಅಧಿಕಾರಿಗಳು ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯುವುದಾದರೆ ಅನುಮತಿ ಪಡೆಯಬೇಕು. ರಾಜ್ಯದ ಅಧಿಕಾರಿಗಳೂ ತಮ್ಮ ಹಳೆ ಇಲಾಖೆಯಲ್ಲಿ ನಿಯಮ ಕೇಳಿಕೊಂಡು ಮುಂದುವರಿಯುವುದು ಒಳ್ಳೆಯದು. ಪೆನ್ಷನ್ ಜೊತೆ ಆಟ ಬೇಡ.

ಹಂತ 2: ಯಾರು ಯಾಕೆ ಫೋನ್ ಮಾಡುತ್ತಾರೆ, ಬರೆದಿಡಿ

"ನನಗೇನು ಬರುತ್ತೆ, ನಾನು ಬರೀ ಕ್ಲರ್ಕ್ ಆಗಿದ್ದವನು" ಅನ್ನುವವರೇ ಜಾಸ್ತಿ. ಒಂದೆರಡು ವಾರ ಹೀಗೆ ಮಾಡಿ. ಏನಾದರೂ ಕೇಳಲು ನಿಮಗೆ ಯಾರೇ ಫೋನ್ ಮಾಡಲಿ, ಮನೆಗೇ ಬರಲಿ, ಒಂದು ಸಾಲು ಬರೆದುಕೊಳ್ಳಿ. ಯಾರು, ಏನು ಕೇಳಿದರು. ಅಷ್ಟೇ.

ಕಂದಾಯ ಇಲಾಖೆಯಲ್ಲಿದ್ದವರ ಪಟ್ಟಿ ಸುಮಾರಾಗಿ ಹೀಗಿರುತ್ತದೆ: ಪಹಣಿಯಲ್ಲಿ ಅಜ್ಜನ ಹೆಸರೇ ಇದೆ, ಪೌತಿ ಖಾತೆ ಹೇಗೆ ಮಾಡಿಸುವುದು? ಅಣ್ಣತಮ್ಮಂದಿರು ಪಾಲಾಗಿದ್ದೇವೆ, ಪೋಡಿ (ಜಮೀನು ಅಳೆದು ಬೇರೆ ಮಾಡುವುದು) ಆಗಿಲ್ಲ. ಸೈಟಿಗೆ ಇ-ಖಾತಾ ಬೇಕಂತೆ, ಯಾವ ಕಾಗದ ಬೇಕು? ಇದನ್ನೆಲ್ಲ ನೀವು ಮೂವತ್ತು ವರ್ಷ ನೋಡಿದ್ದೀರಿ. ಕೇಳುವವರಿಗೆ ಇದು ಕತ್ತಲೆ. ವಿಷಯ ಗೊತ್ತಿಲ್ಲದೆ ದಲ್ಲಾಳಿಗೆ ಸಾವಿರಗಟ್ಟಲೆ ಕೊಟ್ಟು ಬರುತ್ತಾರೆ. ಅವರ ಕಾಗದ ನೋಡಿ, ಏನು ಕೊರತೆ ಇದೆ, ಯಾವ ಕ್ರಮದಲ್ಲಿ ಹೋಗಬೇಕು ಅಂತ ಒಂದು ಪುಟ ಬರೆದುಕೊಟ್ಟರೆ ಅದಕ್ಕೆ ಬೆಲೆ ಇದೆ. ಆದರೆ ಹಳೆ ಆಫೀಸಿಗೆ ಹೋಗಿ ಫೈಲ್ ಓಡಿಸಿಕೊಡುವ ಕೆಲಸ ಒಪ್ಪಿಕೊಳ್ಳಬೇಡಿ. ಸಲಹೆ ಕೊಡುವವರು ಬೇರೆ, ದಲ್ಲಾಳಿ ಬೇರೆ. ಒಂದು ಸಲ ಆ ಗೆರೆ ದಾಟಿದರೆ ಊರಿನಲ್ಲಿ ಹೆಸರು ಹೋಗುತ್ತದೆ.

ಬ್ಯಾಂಕಿನಲ್ಲಿ ಕೃಷಿ ಸಾಲ ನೋಡಿಕೊಂಡವರನ್ನು ಹಾಲಿನ ಡೇರಿ ಹಾಕುವವರು, ಸಣ್ಣ ಉದ್ಯಮದವರು ಪ್ರಾಜೆಕ್ಟ್ ರಿಪೋರ್ಟ್‌ಗೆ ಹುಡುಕುತ್ತಾರೆ. ಕೆಇಬಿಯಲ್ಲಿದ್ದ ಎಂಜಿನಿಯರ್ ಮನೆ ಕಟ್ಟುವವರ ವೈರಿಂಗ್ ಎಸ್ಟಿಮೇಟ್ ನೋಡಿ ಕಂಟ್ರಾಕ್ಟರ್ ಎಲ್ಲಿ ಜಾಸ್ತಿ ಹಾಕಿದ್ದಾನೆ ಅಂತ ಹೇಳಬಲ್ಲರು. ಕನ್ನಡ ಮೇಷ್ಟ್ರಿಗೆ ಪ್ರಕಾಶಕರ ಪ್ರೂಫ್ ಕೆಲಸ ಇದೆ, ಅನುವಾದ ಇದೆ. ವಿದೇಶದಲ್ಲಿರುವ ಕನ್ನಡಿಗರ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸವೂ ಇದೆ. ಅಮೆರಿಕದಲ್ಲಿ ಶನಿವಾರ ಬೆಳಿಗ್ಗೆ ಆದಾಗ ನಮಗೆ ಶನಿವಾರ ಸಂಜೆ. ಆ ಹೊತ್ತು ಮೇಷ್ಟ್ರಿಗೂ ಅನುಕೂಲ, ಮಕ್ಕಳಿಗೂ ಅನುಕೂಲ.

ಆಫೀಸಿಗೆ ಹೋಗದೆ ಮನೆಯನ್ನೇ ನಡೆಸಿದ ಹೆಂಗಸರಿಗೆ ಯಾರೂ ಬೀಳ್ಕೊಡುಗೆ ಮಾಡಿಲ್ಲ, ಅವರಿಗೆ ನಿವೃತ್ತಿಯೂ ಇಲ್ಲ. ಆದರೆ ಅವರ ಚಟ್ನಿಪುಡಿ, ಹಪ್ಪಳ, ಸಾರಿನಪುಡಿ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಮಾರಲು ಶುರು ಮಾಡಿದರೆ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ವಹಿವಾಟು ವರ್ಷಕ್ಕೆ 12 ಲಕ್ಷದೊಳಗೆ ಇರುವವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ, ಆನ್‌ಲೈನ್‌ನಲ್ಲೇ ಆಗುತ್ತದೆ.

ಪಟ್ಟಿಯಲ್ಲಿ ಯಾವ ಪ್ರಶ್ನೆ ಮತ್ತೆ ಮತ್ತೆ ಬಂದಿದೆಯೋ ಅದೇ ನಿಮ್ಮ ಕೆಲಸ. ಒಂದನ್ನೇ ಆರಿಸಿಕೊಳ್ಳಿ.

ಹಂತ 3: ಮೊಬೈಲನ್ನು ನಿಮಗೆ ತಕ್ಕಂತೆ ಮಾಡಿಕೊಳ್ಳಿ

ಲ್ಯಾಪ್‌ಟಾಪ್ ಈಗಲೇ ಕೊಳ್ಳಬೇಡಿ. ಮೂರು ತಿಂಗಳು ಮೊಬೈಲಿನಲ್ಲೇ ನಡೆಸಿ. ಆಮೇಲೂ ಬೇಕು ಅನ್ನಿಸಿದರೆ ನೋಡೋಣ.

ಮೊದಲ ಕೆಲಸ, ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ಎಷ್ಟೋ ಜನ ಕಣ್ಣು ಕಿರಿದು ಮಾಡಿಕೊಂಡು, ಮೊಬೈಲನ್ನು ಮಾರು ದೂರ ಹಿಡಿದು ಓದುತ್ತಾರೆ. "ನನಗೆ ಇದೆಲ್ಲ ಆಗಲ್ಲ" ಅನ್ನುವುದರಲ್ಲಿ ಅರ್ಧ ಬರೀ ಸಣ್ಣ ಅಕ್ಷರದ ತೊಂದರೆ.

ಎರಡನೆಯದು, ಮಾತಾಡಿ ಬರೆಯುವುದು. ಜಿಬೋರ್ಡ್ ಕೀಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜಸ್ ಒತ್ತಿ, ಆ್ಯಡ್ ಕೀಬೋರ್ಡ್ ಒತ್ತಿ ಕನ್ನಡ ಸೇರಿಸಿ. ಈಗ ವಾಟ್ಸ್‌ಆ್ಯಪ್ ತೆರೆದು ಕೀಬೋರ್ಡಿನ ಮೇಲಿರುವ ಮೈಕ್ ಗುರುತು ಮುಟ್ಟಿ ಮಾತಾಡಿ. ನೀವು ಹೇಳಿದ್ದು ಕನ್ನಡದಲ್ಲಿ ಅಕ್ಷರವಾಗಿ ಬೀಳುತ್ತದೆ. ಎರಡು ಬೆರಳಲ್ಲಿ ಅರ್ಧ ಗಂಟೆ ಕುಟ್ಟುವ ಪತ್ರ ಐದು ನಿಮಿಷದಲ್ಲಿ ಆಗುತ್ತದೆ. ಒಂದು ಎಚ್ಚರ: ಪೂರ್ಣವಿರಾಮ ನೀವೇ ಹಾಕಬೇಕಾಗುತ್ತದೆ, ಊರಿನ ಹೆಸರು, ಜನರ ಹೆಸರು ಆಗಾಗ ತಪ್ಪುತ್ತದೆ, ಸರ್ವೆ ನಂಬರ್‌ನಂಥ ಅಂಕಿಗಳು ಎಡವಟ್ಟಾಗುತ್ತವೆ. ಕಳಿಸುವ ಮುಂಚೆ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ. ಫ್ಯಾನ್ ನಿಲ್ಲಿಸಿ, ಟಿವಿ ಆರಿಸಿ ಮಾತಾಡಿದರೆ ತಪ್ಪು ಕಮ್ಮಿ.

ಮೂರನೆಯದು, ಕೆಲಸಕ್ಕೆ ಬೇರೆ ನಂಬರ್. ಮೊಬೈಲಿನ ಎರಡನೇ ಸಿಮ್ ಜಾಗದಲ್ಲಿ ಕಡಿಮೆ ರೀಚಾರ್ಜಿನ ಒಂದು ಸಿಮ್ ಹಾಕಿ, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಇಟ್ಟುಕೊಳ್ಳಿ. ಅದು ಉಚಿತ. ಕೆಲಸದ ವೇಳೆ ಹಾಕಬಹುದು. ಆ ವೇಳೆ ಬಿಟ್ಟು ಬಂದ ಮೆಸೇಜಿಗೆ "ನಾಳೆ 10ರ ನಂತರ ಉತ್ತರಿಸುತ್ತೇನೆ" ಅಂತ ತಾನಾಗಿ ಹೋಗುವಂತೆ ಮಾಡಬಹುದು. ಹಪ್ಪಳ, ಚಟ್ನಿಪುಡಿಯವರು ಫೋಟೋ, ಬೆಲೆ ಸಮೇತ ಕ್ಯಾಟಲಾಗ್ ಹಾಕಬಹುದು. ಮನೆಯ ನಂಬರಿಗೆ ಗಿರಾಕಿಗಳು ಬಂದರೆ ಮೊಮ್ಮಗನ ಫೋಟೋಗಳ ನಡುವೆ ಅವರ ಕಾಗದಗಳು ಕಳೆದುಹೋಗುತ್ತವೆ.

ಇದರ ಜೊತೆಗೆ ಗೂಗಲ್ ಡ್ರೈವ್‌ನಲ್ಲಿ ಕಾಗದ ಸ್ಕ್ಯಾನ್ ಮಾಡುವುದು, ಗೂಗಲ್ ಮೀಟ್‌ನಲ್ಲಿ ಮಾತಾಡುವುದು ಕಲಿತರೆ ಸದ್ಯಕ್ಕೆ ಸಾಕು. ಮೀಟ್‌ನ ಉಚಿತ ಬಳಕೆಯಲ್ಲಿ ಮೂವರು ಅಥವಾ ಹೆಚ್ಚು ಜನ ಸೇರಿದರೆ 60 ನಿಮಿಷಕ್ಕೆ ಮುಗಿಯುತ್ತದೆ. ಟ್ಯೂಷನ್ನಿಗೆ ಅದೇ ಸರಿಯಾದ ಪೀರಿಯಡ್ಡು, ಅಲ್ವಾ?

ಲೆಕ್ಕ ಹೇಳಿಕೊಡುವವರಿಗೆ ಒಂದು ಉಪಾಯ. ಬೋರ್ಡು ಬೇಡ. ಮೇಜಿನ ಮೇಲೆ ಒಂದು ಗೇಣು ಎತ್ತರಕ್ಕೆ ಎರಡು ಕಡೆ ದಪ್ಪ ಪುಸ್ತಕ ಜೋಡಿಸಿ. ಒಂದು ಕಡೆಯ ಪುಸ್ತಕಗಳ ನಡುವೆ ಸ್ಕೇಲು ಸಿಕ್ಕಿಸಿ, ಅದರ ಮೇಲೆ ಮೊಬೈಲನ್ನು ಕ್ಯಾಮೆರಾ ಕೆಳಗೆ ಕಾಣುವಂತೆ ಮಲಗಿಸಿ. ಸ್ಕೇಲಿನ ಇನ್ನೊಂದು ತುದಿ ಆಚೆ ಕಡೆಯ ಪುಸ್ತಕದ ಮೇಲೆ ಕೂರಲಿ. ಮೀಟ್‌ನಲ್ಲಿ ಹಿಂದಿನ ಕ್ಯಾಮೆರಾ ಆರಿಸಿಕೊಂಡು ಕೆಳಗೆ ಬಿಳಿ ಹಾಳೆ ಇಟ್ಟು ಬರೆಯುತ್ತಾ ಹೋಗಿ. ನೀವು ಬರೆಯುವುದು, ಗೆರೆ ಎಳೆಯುವುದು, ತಪ್ಪು ಹೊಡೆದು ತಿದ್ದುವುದು ಎಲ್ಲ ಮಕ್ಕಳಿಗೆ ಕಾಣುತ್ತದೆ. ಮುಖ ತೋರಿಸಿಕೊಂಡು ಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಶಾಯಿ ಪೆನ್ನು ಬೇಡ, ಸ್ಕೆಚ್ ಪೆನ್ನು ಇರಲಿ.

ಕನ್ನಡ ಡಿಟಿಪಿ, ಪ್ರೂಫ್ ಕೆಲಸ ಹಿಡಿಯುವವರಿಗೆ ಒಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೈಲು ಕೆಟ್ಟಿಲ್ಲ, ಅದು ಯೂನಿಕೋಡ್ (ಎಲ್ಲ ಮೊಬೈಲಿನಲ್ಲೂ ಕನ್ನಡ ಒಂದೇ ಥರ ಕಾಣಿಸುವ ಅಕ್ಷರ ಪದ್ಧತಿ) ಅಲ್ಲ ಅಷ್ಟೇ. ಕಳಿಸುವವರಿಗೆ ಯೂನಿಕೋಡ್‌ಗೆ ಬದಲಿಸಿ ಕಳಿಸಿ ಅಂತ ಮೊದಲೇ ಹೇಳಿ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಜಾರುತ್ತವೆ. ಅದನ್ನು ಸರಿ ಮಾಡುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಭ್ಯಾಸಕ್ಕೆ ಒಂದು ಕೆಲಸ: ಜೀವನ ಪ್ರಮಾಣ

ಮೊಬೈಲ್ ಕೈಗೆ ಹತ್ತಿದೆಯೋ ಇಲ್ಲವೋ ನೋಡಲು ನಿಮ್ಮದೇ ಕೆಲಸ ಒಂದಿದೆ. ಪೆನ್ಷನ್‌ದಾರರು ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರ 2014ರಲ್ಲಿ ಡಿಜಿಟಲ್ ಆಯಿತು. ಆಗ ಬೆರಳಚ್ಚಿನ ಯಂತ್ರ ಬೇಕಿತ್ತು. 2021ರಿಂದ ಮುಖ ತೋರಿಸಿದರೆ ಸಾಕು. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎಂಬ ಎರಡು ಆ್ಯಪ್ ಹಾಕಿಕೊಳ್ಳಿ. ಆಧಾರ್, ಪಿಪಿಒ (ಪೆನ್ಷನ್ ಆದೇಶದ) ನಂಬರ್, ಪೆನ್ಷನ್ ಖಾತೆಯ ನಂಬರ್ ಪಕ್ಕದಲ್ಲಿಟ್ಟುಕೊಳ್ಳಿ. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿ ಕಡೆ ತಿರುಗಿ ಕೂತು, ಹೇಳಿದಾಗ ಕಣ್ಣು ಮಿಟುಕಿಸಿ. ಆದ ಮೇಲೆ ಮೊಬೈಲಿಗೆ ಒಂದು ಪ್ರಮಾಣ್ ಐಡಿ ಬರುತ್ತದೆ.

ಅರ್ಜಿಯಲ್ಲಿ ಮರುನೇಮಕ ಆಗಿದೆಯೇ ಎಂಬ ಪ್ರಶ್ನೆ ಇರುತ್ತದೆ. ಮನೆಯಲ್ಲಿ ಟ್ಯೂಷನ್ ಹೇಳುವವರು ಗಾಬರಿಯಾಗಬೇಕಿಲ್ಲ. ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿದ್ದರೆ ಮಾತ್ರ ಸುಮ್ನೆ 'ಇಲ್ಲ' ಒತ್ತಬೇಡಿ, ಪೆನ್ಷನ್ ಕೊಡುವ ಬ್ಯಾಂಕಿನಲ್ಲಿ ಕೇಳಿ. ಹೆಚ್ಚಿನವರಿಗೆ ಇದು ನವೆಂಬರ್ ತಿಂಗಳ ಕೆಲಸ. ಪಿಎಫ್ ಪೆನ್ಷನ್ ಪಡೆಯುವವರು ಯಾವ ತಿಂಗಳಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಇದನ್ನು ಯಾರ ಸಹಾಯವಿಲ್ಲದೆ ಮುಗಿಸಿದಿರಿ ಅಂದರೆ ಮುಂದಿನ ಹಂತಕ್ಕೆ ನೀವು ತಯಾರು.

ಹಂತ 4: ಎಐ ಹತ್ತಿರ ಯಾವ ಕೆಲಸ ಮಾಡಿಸಬೇಕು

ಎಐ ಅಂದರೆ ಕೇಳಿದ್ದಕ್ಕೆ ತಾನೇ ಬರೆದು ಉತ್ತರ ಕೊಡುವ ಆ್ಯಪ್. ಜೆಮಿನಿ, ಚಾಟ್‌ಜಿಪಿಟಿ ಎರಡಕ್ಕೂ ಕನ್ನಡ ಬರುತ್ತದೆ. ಕನ್ನಡದಲ್ಲೇ ಕೇಳಿ, ಬಾಯಲ್ಲೇ ಕೇಳಿ. ಆದರೆ "ಲಾಭ ನಷ್ಟದ ಲೆಕ್ಕ ಕೊಡು" ಅಂದರೆ ಸಪ್ಪೆ ಉತ್ತರ ಬರುತ್ತದೆ. ಹೀಗೆ ಕೇಳಿ ನೋಡಿ: "8ನೇ ತರಗತಿ ಮಕ್ಕಳಿಗೆ ಲಾಭ ನಷ್ಟದ ಮೇಲೆ 10 ಲೆಕ್ಕ ಬೇಕು. ಮೊದಲ ನಾಲ್ಕು ಸುಲಭ, ಕೊನೆಯ ಎರಡು ಕಷ್ಟ. ಸಂತೆಯಲ್ಲಿ ತೆಂಗಿನಕಾಯಿ, ಕೊಬ್ಬರಿ ಮಾರುವ ಉದಾಹರಣೆ ಇರಲಿ. ಉತ್ತರಗಳನ್ನು ಕೊನೆಯಲ್ಲಿ ಬೇರೆಯಾಗಿ ಕೊಡು." ಒಂದು ಸಂಜೆಯ ಕೆಲಸ ಕ್ಷಣದಲ್ಲಿ ಆಗುತ್ತದೆ. ಅದರಲ್ಲಿ ಒಂದೋ ಎರಡೋ ಲೆಕ್ಕದ ಉತ್ತರ ತಪ್ಪಿರಬಹುದು, ಕೊಬ್ಬರಿಯನ್ನು ಡಜನ್ ಲೆಕ್ಕದಲ್ಲಿ ಮಾರಿರಬಹುದು. ಮೂವತ್ತು ವರ್ಷ ಲೆಕ್ಕ ಹೇಳಿದವರಿಗೆ ಅದು ನೋಡಿದ ಕೂಡಲೇ ಕಣ್ಣಿಗೆ ಕುಕ್ಕುತ್ತದೆ. ಹೊಸಬರಿಗೆ ಕಾಣುವುದಿಲ್ಲ. ನಿಮಗೆ ದುಡ್ಡು ಕೊಡುವುದು ಆ ಕಣ್ಣಿಗೇ.

ಇಂಗ್ಲಿಷ್ ಇಮೇಲ್ ಬರೆಯಲು ಹಿಂಜರಿಯುವವರಿಗಂತೂ ಇದು ವರ. ವಿಷಯ ಕನ್ನಡದಲ್ಲಿ ಹೇಳಿ, "ಮರ್ಯಾದೆಯಿಂದ, ಚಿಕ್ಕದಾಗಿ ಇಂಗ್ಲಿಷ್‌ನಲ್ಲಿ ಬರೆ" ಅನ್ನಿ. ಉದ್ದದ ಸರ್ಕಾರಿ ಸುತ್ತೋಲೆ ಕೊಟ್ಟು ಸಾರಾಂಶ ಕೇಳಬಹುದು. ಆಮೇಲೆ ಮೂಲವನ್ನೂ ಒಮ್ಮೆ ಓದಿ.

ಕಾನೂನಿನ ಕಲಮು, ತೆರಿಗೆ ದರ, ಔಷಧಿಯ ಪ್ರಮಾಣ, ಇವನ್ನು ಅದು ಹೇಳಿದ್ದೇ ಕೊನೆ ಮಾತು ಅಂದುಕೊಂಡು ಗಿರಾಕಿಗೆ ಹೇಳಬೇಡಿ. ಗೊತ್ತಿಲ್ಲದ್ದನ್ನೂ ಗೊತ್ತಿರುವವರ ಹಾಗೆ ಹೇಳುವ ಅಭ್ಯಾಸ ಅದಕ್ಕಿದೆ. (ನಮ್ಮ ಆಫೀಸುಗಳಲ್ಲೂ ಅಂಥವರನ್ನು ಕಂಡಿದ್ದೇವೆ ಬಿಡಿ.) ಯಾರದೇ ಆಧಾರ್, ಪ್ಯಾನ್, ಆಸ್ತಿ ಪತ್ರಗಳನ್ನು ಅದಕ್ಕೆ ಕೊಡಬೇಡಿ.

ಹಂತ 5: ಮೊದಲ ಗಿರಾಕಿ, ಮೊದಲ ಫೀಸು

ಜಾಹೀರಾತು ಬೇಡ. ನಿಮ್ಮ ಪರಿಚಯದ ಇಪ್ಪತ್ತು ಮೂವತ್ತು ಜನಕ್ಕೆ ಒಂದು ಮೆಸೇಜ್ ಸಾಕು. ಗುಡ್ ಮಾರ್ನಿಂಗ್ ಹೂವಿನ ಚಿತ್ರದ ಜೊತೆ ಬೇಡ, ಗ್ರೂಪಿನಲ್ಲೂ ಬೇಡ. ಒಬ್ಬೊಬ್ಬರಿಗೂ ಹೆಸರು ಹಾಕಿ ಕಳಿಸಿ. ಹೀಗಿರಲಿ:

"ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತಿಯಾಗಿದ್ದೇನೆ. ಈಗ ಸಣ್ಣ ಉದ್ಯಮ, ಡೇರಿ, ಕೋಳಿ ಸಾಕಣೆ ಸಾಲಕ್ಕೆ ಬೇಕಾದ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತಿದ್ದೇನೆ. ಕಾಗದಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನೋಡಿ ಏನು ಬೇಕು ಅಂತ ಹೇಳುತ್ತೇನೆ, ಅದಕ್ಕೆ ಫೀಸಿಲ್ಲ. ರಿಪೋರ್ಟಿಗೆ ಇಷ್ಟು ರೂಪಾಯಿ. ಸಾಲ ಮಂಜೂರು ಮಾಡುವುದು ಬ್ಯಾಂಕಿಗೆ ಬಿಟ್ಟದ್ದು. ಸೋಮವಾರದಿಂದ ಶುಕ್ರವಾರ, 10ರಿಂದ 1."

ಏನು ಮಾಡುತ್ತೀರಿ, ಏನು ಮಾಡುವುದಿಲ್ಲ, ಎಷ್ಟು, ಯಾವಾಗ, ನಾಲ್ಕೂ ಇದರಲ್ಲಿದೆ. ನಮ್ಮವರಿಗೆ ದರ ಹೇಳುವುದೇ ಸಂಕೋಚ. "ನಿಮಗೆ ತೋಚಿದ್ದು ಕೊಡಿ" ಅನ್ನುತ್ತಾರೆ. ಅವರಿಗೆ ಒಂದು ಕಾಫಿ ತೋಚುತ್ತದೆ. ಹಾಗಾಗಿ ದರವನ್ನು ಬರೆದೇ ಕಳಿಸಿ. ಬಾಯಲ್ಲಿ ಹೇಳಲು ನಾಚಿಕೆ ಆಗುವ ಮೊತ್ತ ಅಕ್ಷರದಲ್ಲಿ ಆರಾಮಾಗಿ ಹೋಗುತ್ತದೆ. ಒಡಹುಟ್ಟಿದವರು, ಅವರ ಮಕ್ಕಳಿಗೆ ಫೀಸು ಬೇಡ ಅಂದುಕೊಂಡರೆ ಅದನ್ನೂ ಮೊದಲೇ ತೀರ್ಮಾನ ಮಾಡಿ. ಆ ಪಟ್ಟಿ ಮಾತ್ರ ಚಿಕ್ಕದಿರಲಿ.

ಹಳೆ ಕಂಪನಿಯೇ ಒಳ್ಳೆಯ ಗಿರಾಕಿ ಆಗಬಹುದು. ನಿಮ್ಮ ಜಾಗಕ್ಕೆ ಬಂದ ಹುಡುಗ ತಿಂಗಳಿಗೆ ನಾಲ್ಕು ಸಲ ಫೋನ್ ಮಾಡುತ್ತಿದ್ದರೆ, ತಿಂಗಳಿಗೆ ಇಷ್ಟು ಗಂಟೆ ಸಲಹೆಗಾರರಾಗಿ ಬರುತ್ತೇನೆ ಅಂತ ಮ್ಯಾನೇಜರ್‌ಗೆ ಒಂದು ಇಮೇಲ್ ಹಾಕಿ ನೋಡಿ.

ಇಲ್ಲ, ನನಗೆ ಹೋಗಿ ಬರುವ ಕೆಲಸವೇ ಬೇಕು ಅನ್ನುವವರಿಗೆ ಎರಡು ದಾರಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2021ರ ಅಕ್ಟೋಬರ್ 1ರಂದು, ಹಿರಿಯರ ದಿನದಂದೇ, 60 ದಾಟಿದವರ ಕೆಲಸಕ್ಕಾಗಿ ಸೇಕ್ರೆಡ್ ಎಂಬ ಪೋರ್ಟಲ್ ಶುರು ಮಾಡಿತು. ಅಲ್ಲಿ ನಿಮ್ಮ ಓದು, ಅನುಭವ, ಆಸಕ್ತಿ ಹಾಕಿ ನೋಂದಾಯಿಸಬಹುದು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಿರಿಯರಿಗಾಗಿಯೇ ಉದ್ಯೋಗ ಮೇಳ ನಡೆಸಿಕೊಂಡು ಬಂದಿದೆ. ಪೋರ್ಟಲ್‌ನಲ್ಲಿ ಹೆಸರು ಹಾಕಿದ ತಕ್ಷಣ ಕರೆ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ. ನೋಂದಾಯಿಸಿ, ನಿಮ್ಮ ಪ್ರಯತ್ನ ಮುಂದುವರಿಸಿ. 58 ದಾಟಿದ ಮೇಲೆ ಪಿಎಫ್ ಇರುವ ಕಂಪನಿಗೆ ಸೇರಿದರೆ ಪೆನ್ಷನ್ ಪಾಲು ಕತ್ತರಿಸುವುದಿಲ್ಲ, ಮಾಲೀಕರ ಪಾಲು ಪೂರ್ತಿ ನಿಮ್ಮ ಪಿಎಫ್ ಖಾತೆಗೇ ಬರಬೇಕು. ಪಾಸ್‌ಬುಕ್ಕಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಹಂತ 6: ದುಡ್ಡು ಬಂತು, ಲೆಕ್ಕ ಇಡಿ

ಪೆನ್ಷನ್ ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಇನ್ನೊಂದು ಉಳಿತಾಯ ಖಾತೆ ತೆರೆದು ಫೀಸು ಅದಕ್ಕೆ ಬರಲಿ. ಏನಾದರೂ ಮೋಸ ಆದರೂ ದೊಡ್ಡ ಗಂಟು ಉಳಿಯುತ್ತದೆ, ವರ್ಷದ ಕೊನೆಯಲ್ಲಿ ಲೆಕ್ಕವೂ ಸುಲಭ.

ತೆರಿಗೆ ಅಂದರೆ ಹೆದರುವವರೇ ಜಾಸ್ತಿ. ನಿಜಕ್ಕೂ ಹೆಚ್ಚಿನವರಿಗೆ ಕಟ್ಟುವುದು ಏನೂ ಬರುವುದಿಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ ತೆರಿಗೆಗೆ ಸೇರುವ ಆದಾಯ 12 ಲಕ್ಷದೊಳಗೆ ಇದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತದೆ. ಪೆನ್ಷನ್‌ನಲ್ಲಿ 75,000 ರೂಪಾಯಿ ಮೊದಲೇ ಕಳೆಯಬಹುದು. ಪಿತ್ರಾರ್ಜಿತ ಸೈಟು ಮಾರಿದ ಲಾಭ, ಷೇರಿನ ಲಾಭ ಇದ್ದವರಿಗೆ ಮಾತ್ರ ಲೆಕ್ಕ ಬೇರೆ.

ಆದರೆ ಎರಡು ವಿಷಯ ಬದಲಾಗುತ್ತವೆ. 60 ದಾಟಿದವರು, ಬರೀ ಪೆನ್ಷನ್ ಮತ್ತು ಬಡ್ಡಿ ಇದ್ದವರು, ಮುಂಗಡ ತೆರಿಗೆ ಕಟ್ಟಬೇಕಿಲ್ಲ. ವೃತ್ತಿ ಅಥವಾ ವ್ಯಾಪಾರದ ಆದಾಯ ಶುರುವಾದರೆ ಆ ವಿನಾಯಿತಿ ಹೋಗುತ್ತದೆ. ವರ್ಷದ ತೆರಿಗೆ 10,000 ಅಥವಾ ಹೆಚ್ಚು ಬರುವಂತಿದ್ದರೆ ಕಂತಿನಲ್ಲಿ ಕಟ್ಟಬೇಕು. ಎರಡನೆಯದಾಗಿ, ಇಷ್ಟು ವರ್ಷ ತೆರಿಗೆ ರಿಟರ್ನ್‌ಗೆ ತುಂಬಿದ ಸಹಜ್ (ಐಟಿಆರ್-1) ಫಾರಂ ಈಗ ನಡೆಯುವುದಿಲ್ಲ. ಮೊದಲ ವರ್ಷ ಒಬ್ಬ ಆಡಿಟರ್ ಹತ್ತಿರ ಹೋಗಿ. ಕಂಪನಿಗಳು ಸಲಹಾ ಫೀಸು ವರ್ಷಕ್ಕೆ 50,000 ದಾಟಿದರೆ ಸಾಮಾನ್ಯವಾಗಿ ಶೇ 10 ತೆರಿಗೆ ಹಿಡಿದುಕೊಂಡು ಕೊಡುತ್ತವೆ. ಅದು ಕಳೆದುಹೋದ ದುಡ್ಡಲ್ಲ. ರಿಟರ್ನ್ ಹಾಕಿದರೆ, ನೀವು ಕಟ್ಟಬೇಕಾದ ತೆರಿಗೆ ಕಳೆದು ಉಳಿದದ್ದು ವಾಪಸ್ ಬರುತ್ತದೆ, ಹಾಕದಿದ್ದರೆ ಅಲ್ಲೇ ಉಳಿಯುತ್ತದೆ. ಜಿಎಸ್‌ಟಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲಿನ ಮಾತು.

ಹಂತ 7: ಮೋಸದವರು ನಿಮ್ಮನ್ನೇ ಹುಡುಕುತ್ತಿರುತ್ತಾರೆ

"ಮನೆಯಲ್ಲೇ ಕೂತು ಟೈಪ್ ಮಾಡಿ, ತಿಂಗಳಿಗೆ 25,000" ಅಂತ ಮೆಸೇಜ್ ಬಂದರೆ ಅದು ಕೆಲಸ ಅಲ್ಲ. ಮೊದಲು ನೋಂದಣಿ ಶುಲ್ಕ ಕೇಳುತ್ತಾರೆ. ಇಲ್ಲವಾದರೆ ಒಂದು ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡು, ನೀವು ಟೈಪ್ ಮಾಡಿದ್ದರಲ್ಲಿ ತಪ್ಪಿದೆ, ದಂಡ ಕಟ್ಟಿ, ಕಟ್ಟದಿದ್ದರೆ ಕೋರ್ಟು ಅಂತ ವಕೀಲರ ದನಿಯಲ್ಲಿ ಹೆದರಿಸುತ್ತಾರೆ. ವಿಡಿಯೊಗೆ ಲೈಕ್ ಒತ್ತಿ ದುಡ್ಡು ಗಳಿಸಿ ಅನ್ನುವುದು ಇನ್ನೊಂದು. ಮೊದಲು 150, 200 ರೂಪಾಯಿ ನಿಜಕ್ಕೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸಿ, ದೊಡ್ಡ ಟಾಸ್ಕಿಗೆ ನೀವೇ ದುಡ್ಡು ಹಾಕಿ ಅನ್ನುತ್ತಾರೆ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ಅವರೇ ನಿಮ್ಮನ್ನು ಕೇಳಿದರೆ ಫೋನ್ ಇಡಿ.

ಗಿರಾಕಿಯ ವೇಷದಲ್ಲೂ ಬರುತ್ತಾರೆ. "ಸರ್, ಫೀಸು ಕಳಿಸಿದ್ದೇನೆ, ಪಿನ್ ಹಾಕಿ ಒಪ್ಪಿಕೊಳ್ಳಿ" ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಪಿನ್ ಬೇಕು. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅನ್ನುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ, ಮಗನಿಗೆ ಹೇಳುವ ಮುಂಚೆಯೇ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ. ಹೆಚ್ಚಿನವರು ಮರ್ಯಾದೆಗೆ ಅಂಜಿ ಎರಡು ದಿನ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹಂತ 8: ವಾರಕ್ಕೆ ಎಷ್ಟು ಗಂಟೆ?

ನನ್ನ ಪ್ರಕಾರ ಮೊದಲ ಮೂರು ತಿಂಗಳು ವಾರಕ್ಕೆ ಹತ್ತು ಹನ್ನೆರಡು ಗಂಟೆ ಮೀರಬಾರದು. ಮೊಬೈಲಿನ ಕ್ಯಾಲೆಂಡರಿನಲ್ಲಿ ಮೊದಲು ವಾಕಿಂಗ್, ಡಾಕ್ಟರ್ ದಿನ, ಊರಿನ ಜಾತ್ರೆ, ಮೊಮ್ಮಕ್ಕಳ ರಜೆ ಗುರುತು ಹಾಕಿ. ಉಳಿದ ಜಾಗದಲ್ಲಿ ಕೆಲಸ ಕೂರಿಸಿ. ಒಂದೇ ಸಮ ಮುಕ್ಕಾಲು ಗಂಟೆಗಿಂತ ಜಾಸ್ತಿ ಪರದೆ ನೋಡಬೇಡಿ. ಕಿವಿ ಸ್ವಲ್ಪ ಮಂದ ಇದ್ದವರು ಫೋನಿಗಿಂತ ಮೀಟ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾತಾಡಿ, ಎದುರಿನವರ ತುಟಿ ಕಾಣುವುದರಿಂದ ಅರ್ಥವಾಗುವುದು ಸುಲಭ.

ಮನೆಯವರ ಜೊತೆಗೂ ಮಾತಾಡಿಕೊಳ್ಳಬೇಕು. ಹಾಲ್‌ನಲ್ಲಿ ಕೂತು ಗಟ್ಟಿಯಾಗಿ ಪಾಠ ಮಾಡಿದರೆ ಧಾರಾವಾಹಿ ನೋಡುವವರಿಗೆ ಸಿಟ್ಟು ಬರುವುದು ಸಹಜ. ಹಗಲಿನ ಎರಡು ಗಂಟೆ ಒಂದು ಕೋಣೆ ನಿಮ್ಮದು ಅಂತ ಒಪ್ಪಂದ ಮಾಡಿಕೊಳ್ಳಿ. "ಇಷ್ಟು ವರ್ಷ ದುಡಿದದ್ದು ಸಾಲದಾ, ಜನ ಏನಂದುಕೊಳ್ಳುತ್ತಾರೆ" ಅಂತ ಮಕ್ಕಳು ಗೊಣಗಬಹುದು. ಅವರಿಗೆ ನಿಮ್ಮ ಕ್ಯಾಲೆಂಡರ್ ತೋರಿಸಿ. ವಾರದಲ್ಲಿ ಹತ್ತೇ ಗಂಟೆ ಅಂತ ಕಣ್ಣಾರೆ ಕಂಡರೆ ಸುಮ್ಮನಾಗುತ್ತಾರೆ.

ಮೂರು ತಿಂಗಳಾದ ಮೇಲೆ ಲೆಕ್ಕದ ಪುಸ್ತಕ ತೆರೆದು ನೋಡಿ. ಗಿರಾಕಿಗಳು ಬರಲಿಲ್ಲ ಅಂದರೆ ಎರಡನೇ ಹಂತದ ಪಟ್ಟಿಗೆ ಹೋಗಿ ಮುಂದಿನ ಪ್ರಶ್ನೆ ಹಿಡಿಯಿರಿ. ದುಡ್ಡು ಕೊಡದೆ ಸತಾಯಿಸುವವರು ಇದ್ದರೆ ಮುಂದೆ ಅರ್ಧ ಫೀಸು ಮುಂಗಡ ಅಂತ ಮೆಸೇಜಿನಲ್ಲೇ ಸೇರಿಸಿ. ಕೈ ಮೀರಿ ಕೆಲಸ ಬರುತ್ತಿದ್ದರೆ ಹೊಸ ಗಿರಾಕಿಗಳಿಗೆ ದರ ಏರಿಸಿ. ಅದಕ್ಕೂ ಕಮ್ಮಿ ಆಗದಿದ್ದರೆ ನಿಮ್ಮ ಜೊತೆಯಲ್ಲೇ ನಿವೃತ್ತಿಯಾದ ಒಬ್ಬರಿಗೆ ಅರ್ಧ ದಾಟಿಸಿ. ಅವರ ಮೊಬೈಲಿನಲ್ಲೂ ಅಕ್ಷರ ಸಣ್ಣದಾಗಿರುತ್ತದೆ, ಮೊದಲು ಅದನ್ನು ದೊಡ್ಡದು ಮಾಡಿಕೊಡಿ.